ಸೈಕಲ್ ಪರೀಕ್ಷೆ

ಹುಡುಗನ ಗುಣ ವಿಚಾರಿಸಿ ಬರಲು ಮದುವೆ ದಲ್ಲಾಳಿ ಎರಡು ಸಾವಿರ ಕೇಳುತ್ತಾನೆ. ಬಾಡಿಗೆ ಸೈಕಲ್ಲಿಗೆ ದಿನಕ್ಕೆ ಐವತ್ತು ರೂಪಾಯಿ. ಮಗಳಿಗೆ ಗಂಡು ಹುಡುಕುತ್ತಿದ್ದ ಮರಿಗೌಡರು ಸೈಕಲ್ಲನ್ನೇ ನಂಬಿದರು. ಹೆಣ್ಣು ನೋಡುವ ಶಾಸ್ತ್ರಕ್ಕೂ ಮೊದಲೇ ಗಂಡಿನ ಊರಿಗೆ ಹೋಗಿ, ಅವನ ಕಾರಿನ ಮುಂದೆ ನಿಧಾನವಾಗಿ ಪೆಡಲ್ ತುಳಿಯುತ್ತಿದ್ದರು. ಅವನು ಬಾಯಿ ಬಿಟ್ಟರೆ ಸಾಕು, ಗುಣ ತಿಳಿಯುತ್ತಿತ್ತು.

ಮೊದಲನೆಯವನು, "ಲೇ ಮುದುಕಾ, ರೋಡೇನು ನಿಮ್ಮಪ್ಪಂದಾ?" ಎಂದ. ಎರಡನೆಯವನು, "ಸಾಯಕ್ಕೆ ನನ್ ಗಾಡೀನೇ ಬೇಕಿತ್ತಾ?" ಎಂದ. ಗೌಡರು ಎರಡು ಸಂಬಂಧವನ್ನೂ ಬೇಡವೆಂದರು.

ಮೂರನೆಯವನು ಹಾರನ್ನನ್ನೂ ಒತ್ತಲಿಲ್ಲ. ಕಾರು ನಿಲ್ಲಿಸಿ, "ಯಜಮಾನ್ರೇ, ಬಿಸ್ಲು ಜಾಸ್ತಿ ಅದೆ, ನೀರು ಕುಡೀರಿ" ಎಂದು ಬಾಟಲಿ ಕೊಟ್ಟ.

ಆ ಸಂಜೆಯೇ ಗೌಡರು ಹುಡುಗನ ತಂದೆಗೆ ಫೋನ್ ಮಾಡಿದರು. "ನಮಗೆ ಪೂರ್ತಿ ಒಪ್ಗೆ ಸ್ವಾಮಿ. ನಿಶ್ಚಿತಾರ್ಥ ಯಾವಾಗ ಇಟ್ಕೊಳ್ಳಾಣ?"

"ತಪ್ಪು ತಿಳೀಬೇಡಿ ಗೌಡ್ರೇ. ಮೊನ್ನೆ ನಿಮ್ಮೂರ್ನಲ್ಲಿ ನಿಮ್ಮ ಮಗಳ ಸ್ಕೂಟರ್ ಮುಂದೆ ನಾನೂ ಸೈಕಲ್ ತುಳಿದೆ."

"ಏನಂದ್ಲು?"

"ಇಲ್ಲಿ ಪಕ್ಕದಲ್ಲಿ ಹೆಂಗಸ್ರು ಕೂತವ್ರೆ. ಹೇಳಕ್ಕಾಗಲ್ಲ."

ಸಂಬಂಧ ತಪ್ಪಿಹೋಯಿತು.