ಕುಂಕುಮಕ್ಕೆ ಮೊದಲು

ಮನುಷ್ಯರ ಕಣ್ಣಿಗೆ ಬಿಸಿ ಕಾಣತೊಡಗಿದ ಮೇಲೆ ನಮ್ಮ ಬೀದಿಯಲ್ಲಿ ಒಂದು ಪದ್ಧತಿ ಬಂದಿದೆ. ಅರಿಶಿನ ಕುಂಕುಮಕ್ಕೆ ಸೇರಿದ ಹೆಂಗಸರು ಮೊದಲು ಕದ ಹಾಕಿಕೊಂಡು ಒಬ್ಬರ ಎದೆಯನ್ನು ಇನ್ನೊಬ್ಬರು ನೋಡುತ್ತೇವೆ. ಕ್ಯಾನ್ಸರಿನ ಗಂಟು ಕೈಗೆ ಸಿಗುವ ಮುಂಚೆಯೇ ಕಣ್ಣಿಗೆ ಬಿದ್ದೀತು ಎಂದು.

ಈ ಶುಕ್ರವಾರ ಪಕ್ಕದ ಮನೆಯ ವಿಮಲ ಸೆರಗು ಸರಿಸಿದಾಗ ಅವಳ ಎಡ ಎದೆಯಿಡೀ ಕೆಂಡದಂತೆ ಹೊಳೆಯಿತು.

“ಗಾಬರಿಯಾಗ್ಬೇಡಿ ದೊಡ್ಡಮ್ಮ, ಇಷ್ಟೊತ್ತೂ ಮಗೂನ ಎತ್ಕೊಂಡಿದ್ದೆ,” ಎಂದು ನನ್ನನ್ನು ನೋಡಿ ನಕ್ಕಳು.

“ನೀನು ಹೆತ್ತಿದ್ದು ಮಗೂನೋ, ಒಲೇನೋ?” ಎನ್ನುತ್ತ ಪದ್ಮಕ್ಕ ಬೀಸಣಿಗೆ ತಂದರು. ಎಲ್ಲರೂ ಸರದಿಯಂತೆ ಗಾಳಿ ಹಾಕಿದೆವು. ಮಗುವಿನ ಬಿಸಿ ಮೆಲ್ಲಗೆ ಆರಿತು. ಕಡಲೆಕಾಳಿನಷ್ಟು ಒಂದು ಚುಕ್ಕೆ ಮಾತ್ರ ಆರಲೇ ಇಲ್ಲ.

ವಿಮಲಳ ನಗು ನಿಂತಿತು. “ನಂಗೇನಾದ್ರೂ ಆದ್ರೆ ಮಗು ಗತಿಯೇನು, ದೊಡ್ಡಮ್ಮ?”

“ಅದೇನೂಂತ ಡಾಕ್ಟರು ಹೇಳ್ಲಿ ಕಣೆ. ಈಗ್ಲೇ ಹೋಗೋಣ, ನಾನೂ ಬರ್ತೀನಿ,” ಎಂದೆ.

ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳಿಗೆ ಕುಂಕುಮವಿಟ್ಟರು. ಬೆನ್ನ ಮೇಲೆ ಕೈಯಿಟ್ಟು ನಿಂತರು. ಅವಳು ಚಪ್ಪಲಿ ಮೆಟ್ಟಲು ಬಾಗಿಲ ಕಡೆ ತಿರುಗಿದಾಗ ನಾನು ಹಾಗೇ ನಿಂತುಬಿಟ್ಟೆ. ಅವಳ ಬೆನ್ನ ತುಂಬ ಅಂಗೈಗಳು, ಒಂದೊಂದು ಬೆರಳೂ ಬೇರೆಬೇರೆಯಾಗಿ ಕಾಣುವಂತೆ, ಇನ್ನೂ ಬೆಳಗುತ್ತಿದ್ದವು.