ಹೆಡ್‌ಫೋನ್ ಕಿತ್ತ ಮಧ್ಯಾಹ್ನ

ಭಾನುವಾರ, ಬೆಳಗ್ಗೆ ಹತ್ತೂವರೆ. ಹಳೆಯ ಹೆಡ್‌ಫೋನಿನ ಸ್ಪಂಜು ಮೂಸಿದೊಡನೆ ಗುಂಡ್ಲುಪೇಟೆಯ ನಮ್ಮ ಶಾಲೆಯ ಕಂಪ್ಯೂಟರ್ ಕೋಣೆ ನೆನಪಾಯಿತು.

ಐದನೇ ತರಗತಿಯಲ್ಲೂ ನನಗೆ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಹೊಸ ಮಿಸ್ಸು ಕಂಪ್ಯೂಟರಿನಲ್ಲಿ ಓದು ಕಲಿಸುವ ಒಂದು ಅಭ್ಯಾಸದ ಪ್ರೋಗ್ರಾಂ ಹಾಕಿಕೊಟ್ಟಿದ್ದರು. ತಪ್ಪಿದಾಗಲೆಲ್ಲ ಅದು ಹೆಡ್‌ಫೋನಿನಲ್ಲಿ, ನನ್ನ ಕಿವಿಗೆ ಮಾತ್ರ, ಬೇಸರವಿಲ್ಲದೆ, ‘ಇನ್ನೊಮ್ಮೆ ನೋಡು’ ಎನ್ನುತ್ತಿತ್ತು.

ಒಂದು ಮಧ್ಯಾಹ್ನ ಹೆಡ್‌ಮಾಸ್ಟರು ಬಂದು ಹೆಡ್‌ಫೋನಿನ ವೈರು ಕಿತ್ತರು. “ಎಲ್ರೂ ಕೇಳ್ಲಿ ಬುಡಮ್ಮಿ, ನಿನ್ ಪಾಂಡಿತ್ಯವ.”

“ಸಾರ್, ಅದು ಅವಳೊಬ್ಬಳಿಗೇ ಕೇಳಿಸ್ಬೇಕು,” ಎಂದರು ಮಿಸ್ಸು.

“ಓದೋ ಮಕ್ಕಳ್ಗೇ ಕಂಪ್ಯೂಟ್ರು ಸಾಲ್ದು ಕಣಮ್ಮ, ಈ ದಡ್ಡಿಗ್ ಬೇರೆ.”

‘ಇನ್ನೊಮ್ಮೆ ನೋಡು’ ಎಂದಿತು ಸ್ಪೀಕರು. ತಮ್ಮ ಸರದಿಗೆ ಬಾಗಿಲಲ್ಲಿ ಕಾಯುತ್ತಿದ್ದ ಇಡೀ ತರಗತಿ ಅದರ ಜೊತೆ ರಾಗ ಎಳೆಯಿತು. ಮತ್ತೆಂದೂ ನಾನು ಆ ಕುರ್ಚಿಯಲ್ಲಿ ಕೂರಲಿಲ್ಲ.

ಈಗ ಅಣ್ಣನ ಮಗಳು ಓದುವಾಗ ನನ್ನ ಹಾಗೆಯೇ ತಡವರಿಸುತ್ತಾಳೆ. ಆ ಪ್ರೋಗ್ರಾಂನ ಹೆಸರು ಬಲ್ಲವರು ಬರೆದು ತಿಳಿಸಿ. ಶಾಲೆಗೆ ಕೊಡುವುದಿಲ್ಲ, ಮನೆಯಲ್ಲೇ ಹಾಕಿಕೊಡುತ್ತೇನೆ.