ಮಾವನ ಪಾಸ್‌ವರ್ಡ್

ಮಾವನ ಲಿನಕ್ಸ್ ಕಂಪ್ಯೂಟರ್ ಪಾಸ್‌ವರ್ಡ್ ಕೇಳಿ ಗೂಟ ಹೊಡೆದ ಹಾಗೆ ನಿಂತುಬಿಟ್ಟಿತು. ಅದಿಲ್ಲದೆ ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡದು.

"ಅತ್ತೆ, ನಿಮಗೇನಾದ್ರೂ ಗೊತ್ತಾ?" ಎಂದಳು ಸೊಸೆ.

"ತಲೆನೋವು ಬಂದ್ರೂ ಬಾಯಿ ಬಿಡ್ದೇ ಇದ್ದೋರು, ಇದನ್ನ ಹೇಳ್ತಾರಾ?"

ಪಾರ್ಶ್ವವಾಯು ಹೊಡೆದ ಮೇಲೆ ಮಾವನ ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಗಾಲಿಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದರು. ನಾಳೆಗೆ ಅತ್ತೆಯ ರಜೆ ಮುಗಿಯುತ್ತದೆ. ಎರಡು ಬೀದಿ ಆಚೆಯ ಹೊಲಿಗೆ ಕಾರ್ಖಾನೆಗೆ ಹೋಗಲೇಬೇಕು. ಇವರಿಗೇನೂ ತಿಳಿಯುವುದಿಲ್ಲ, ಆರೈಕೆ ಕೇಂದ್ರಕ್ಕೆ ಸೇರಿಸಿಬಿಡಿ ಎಂದು ಬಂದವರೆಲ್ಲ ಅವರ ಮುಂದೆಯೇ ಹೇಳಿ ಹೋಗಿದ್ದರು. ಸೊಸೆ ಮಾತ್ರ ಹಟ ಹಿಡಿದಿದ್ದಳು: ಮಾವ ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ಅತ್ತೆಯ ಫೋನು ರಿಂಗಾಗಬೇಕು.

"ಸರ್ವರ್‌ಲೆಸ್ ಫಂಕ್ಷನ್ ಅಂತಾರೆ ಅತ್ತೆ. ಪುಟ್ಟ ಪ್ರೋಗ್ರಾಮು. ಕರೆದಾಗ ಎದ್ದು ಕೆಲಸ ಮಾಡತ್ತೆ, ಮುಗಿದ ತಕ್ಷಣ ಮಲಗತ್ತೆ."

"ಕರೆದಾಗ ಏಳತ್ತಾ? ಹಾಗಾದ್ರೆ ನಿನ್ನ ಗಂಡನಿಗಿಂತ ವಾಸಿ."

ಸೊಸೆ ನಕ್ಕಳು, ಆದರೆ ಒಳಗೊಳಗೇ ಸಂಕಟ. ಕೊನೆಗೆ ಗಾಲಿಕುರ್ಚಿಯನ್ನು ಮೇಜಿನ ಬಳಿಗೆ ತಳ್ಳಿಕೊಂಡು ಬಂದಳು. "ಮಾವ, ಪಾಸ್‌ವರ್ಡ್ ಕೇಳ್ತಿದೆ."

ಮಾವನ ಎಡಗೈ ಮೆಲ್ಲಗೆ ಮೇಲೆದ್ದಿತು. ಒಂದು ಗುಂಡಿ. ಇನ್ನೊಂದು. ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲ. ಅತ್ತೆಯ ಕಣ್ಣು ತುಂಬಿತು.

"ಬಿಡಮ್ಮಾ, ಏನೂ ಬೀಳ್ತಿಲ್ಲ. ಸುಮ್ನೆ ಕುಟ್ತಿದಾರೆ, ಪಾಪ," ಎಂದು ಗಂಡನ ಕೈ ಹಿಡಿದು ಎತ್ತಿದರು.

"ಅಯ್ಯೋ, ಬಿಡಿ ಅತ್ತೆ! ಇದ್ರಲ್ಲಿ ಪಾಸ್‌ವರ್ಡ್ ಹೊಡೆದ್ರೂ ಪರದೆ ಮೇಲೆ ಕಾಣಿಸೋದೇ ಇಲ್ಲ!"

ಮಾವ ಕೈ ಕೊಸರಿಕೊಂಡರು. ಹೊಡೆದದ್ದನ್ನು ಅಳಿಸಿ ಮೊದಲಿನಿಂದ ಶುರು ಮಾಡಿದರು. ಹನ್ನೊಂದು ಗುಂಡಿ, ಸೊಸೆ ಉಸಿರು ಬಿಗಿಹಿಡಿದು ಎಣಿಸಿದಳು. ಆಮೇಲೆ ಎಂಟರ್. ಇನ್‌ಸ್ಟಾಲ್ ಶುರುವಾಗಿ ಪರದೆಯ ತುಂಬ ಸಾಲುಗಳು ಸರಸರನೆ ಓಡತೊಡಗಿದವು.

"ಎಲ್ಲಾ ಗೊತ್ತಾಗತ್ತೆ ಅವರಿಗೆ," ಎಂದಳು ಸೊಸೆ.

ಅತ್ತೆ ಕುರ್ಚಿಯಲ್ಲಿ ಕುಸಿದು ಕೂತರು. "ಹಾಗಾದ್ರೆ ಆ ಆರೈಕೆ ಕೇಂದ್ರದ ಮಾತು... ಅದನ್ನೂ ಕೇಳಿಸ್ಕೊಂಡ್ರಾ?"

ಸೊಸೆ ಕೀಬೋರ್ಡಿನತ್ತ ತಿರುಗಿದಳು. ಅರ್ಧ ಗಂಟೆಯಲ್ಲಿ ಎಲ್ಲ ಸಜ್ಜಾಯಿತು. ಸೊಸೆ ದೊಡ್ಡ ಗುಂಡಿಯೊಂದಕ್ಕೆ ಕೆಂಪು ಕಾಗದ ಅಂಟಿಸಿ, "ಒತ್ತಿ ಮಾವ," ಎಂದಳು. ಒತ್ತಿದರು. ಪಕ್ಕದಲ್ಲೇ ನಿಂತಿದ್ದ ಅತ್ತೆಯ ಕೈಯಲ್ಲಿ ಫೋನು ರಿಂಗಾಯಿತು.

"ಇಲ್ಲೇ ಇದೀನಲ್ರೀ! ಎಲ್ಲಿಗೂ ಕಳಿಸಲ್ಲ ನಿಮ್ಮನ್ನ," ಎಂದು ಅತ್ತೆ ಗದರುತ್ತಲೇ ಅತ್ತರು.

ಫೋನು ಸುಮ್ಮನಾಯಿತು. ಮಾವ ಹೆಂಡತಿಯ ಮುಖವನ್ನೇ ನೋಡುತ್ತ ಮತ್ತೊಮ್ಮೆ ಒತ್ತಿದರು.